ಕುರ್ಚಿ ಎಲ್ಲಿ ಹೋಯ್ತು ಅಂತ ಕೇಳಿದ ಎಲ್ಲರಿಗೂ

ನಮಸ್ಕಾರ.

ದಸರಾ ರಜೆ ಮುಗಿದಾಗಿನಿಂದ ನಮ್ಮ ಟೆಂಟ್ ಬಾಡಿಗೆ ಅಂಗಡಿಯ ಫೋನ್ ಎತ್ತಿದರೆ ಮೊದಲ ಮಾತೇ, "ಏನ್ರಿ ಮೇಡಂ, ಕುರ್ಚಿ ತೆಗೆದುಬಿಟ್ರಂತೆ?" ನನ್ನ ತಮ್ಮ ಒಂದು ಉತ್ತರ ಹೇಳುತ್ತಾನೆ, ನಾನು ಇನ್ನೊಂದು ಹೇಳುತ್ತೇನೆ. ಎರಡೂ ಕೇಳಿದವರು ನಮ್ಮಿಬ್ಬರಿಗೂ ಜಗಳ ಅಂದುಕೊಂಡಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಶರಾವತಿ ಹಿನ್ನೀರು, ಹೊನ್ನೆಮರಡು ಕಡೆ ಕನೂ ದೋಣಿಯಲ್ಲಿ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಹೋಗಿ ರಾತ್ರಿ ಉಳಿದು ಬರುವವರಿಗೆ ನಾವು ಬಾಡಿಗೆಗೆ ಕೊಡುತ್ತಿದ್ದ ಫುಲ್ ಸೆಟ್ ಇನ್ನು ಇಲ್ಲ. ಅದರ ಬದಲು ದೋಣಿ ಸೆಟ್. ಇಬ್ಬರಿಗೆ ಒಂದು ಟೆಂಟ್, ಎರಡು ಚಾಪೆ, ಎರಡು ಸ್ಲೀಪಿಂಗ್ ಬ್ಯಾಗ್, ಒಂದು ತಾಡಪಾಲು, ಅಂಗೈಯಗಲದ ಗ್ಯಾಸ್ ಒಲೆ, ಒಂದು ಸಣ್ಣ ದೀಪ, ಎರಡು ಡ್ರೈ ಬ್ಯಾಗ್ (ಒಳಗೆ ನೀರು ಹೋಗದ ಚೀಲ). ಎರಡು ದಿನಕ್ಕೆ 1,250 ರೂಪಾಯಿ. ಕುರ್ಚಿ, ಮಡಿಸುವ ಮೇಜು, ಎರಡು ಬರ್ನರಿನ ಕಬ್ಬಿಣದ ಒಲೆ, ದೊಡ್ಡ ಲಾಟೀನು ಇವು ಸೆಟ್ಟಿನಲ್ಲಿ ಇರುವುದಿಲ್ಲ. ಕುರ್ಚಿ ಬೇಕೇ ಬೇಕು ಅಂದರೆ ಒಂದಕ್ಕೆ 80 ರೂಪಾಯಿ. ಡಿಪಾಸಿಟ್ 2,000 ಇದ್ದದ್ದು 3,000 ಆಗಿದೆ. ಕಾರು ಪಕ್ಕದಲ್ಲೇ ನಿಲ್ಲಿಸಿ ಟೆಂಟ್ ಹಾಕುವವರಿಗೆ ಹಳೆಯ ಸೆಟ್ಟೇ, ಹಳೆಯ ದರವೇ. ಅವರು ಈ ಪತ್ರ ಇಲ್ಲಿಗೇ ಬಿಡಬಹುದು.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಇದನ್ನು ನಾವು ಸರಿಯಾಗಿ ತಿಳಿಸಲಿಲ್ಲ. ಆಯುಧ ಪೂಜೆಯ ಹಿಂದಿನ ದಿನ ಚಿತ್ರದುರ್ಗದಿಂದ ಒಂದು ಕುಟುಂಬ ಬಂದಿತ್ತು. ಫೋನಿನಲ್ಲಿ ಫುಲ್ ಸೆಟ್ ಅಂತ ಹೇಳಿಸಿಕೊಂಡು ಬಂದವರಿಗೆ ಇಲ್ಲಿ ಬೇರೆ ಸೆಟ್ ಕೈಗೆ ಕೊಟ್ಟೆವು. ಜೊತೆಯಲ್ಲಿದ್ದ ಅಜ್ಜಿಗೆ ಮಂಡಿನೋವು, ನೆಲಕ್ಕೆ ಕೂರುವಂತಿಲ್ಲ. ನನ್ನ ತಮ್ಮ ಕುರ್ಚಿ ಕೊಟ್ಟು 80 ರೂಪಾಯಿ ಇಸಿದುಕೊಂಡ. ಅಜ್ಜಿ ಏನೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿತು. ಆ ದುಡ್ಡು ವಾಪಸ್ ಕಳಿಸಿದ್ದೇನೆ. ಇನ್ನು ಮೇಲೆ ವಯಸ್ಸಾದವರಿಗೆ, ಮಂಡಿ ಸೊಂಟದ ತೊಂದರೆ ಇರುವವರಿಗೆ, ಬಸುರಿಯರಿಗೆ ಕುರ್ಚಿಗೆ ಬಾಡಿಗೆ ಇಲ್ಲ. ಡಾಕ್ಟರ್ ಚೀಟಿ ಎಲ್ಲಾ ಕೇಳುವುದಿಲ್ಲ, ಬಾಯಲ್ಲಿ ಹೇಳಿದರೆ ಸಾಕು.

ಈಗ ಎಲ್ಲರೂ ಕೇಳುವ ಪ್ರಶ್ನೆ. "ಕುರ್ಚಿ ತೆಗೆದಿರಿ, ದುಡ್ಡು ಯಾಕೆ ತೆಗೆಯಲಿಲ್ಲ?" ಒಬ್ಬರು ಲೆಕ್ಕವನ್ನೇ ಬರೆದು ಕಳಿಸಿದ್ದಾರೆ. ಹಳೆಯ ಸೆಟ್ 1,400. ಹೊಸದು 1,250, ಎರಡು ಕುರ್ಚಿಗೆ 160, ಒಟ್ಟು 1,410. ಮೇಜು ಹೋಯ್ತು, ದೊಡ್ಡ ಒಲೆ ಹೋಯ್ತು, ಮೇಲೆ ಹತ್ತು ರೂಪಾಯಿ ಜಾಸ್ತಿ. ಲೆಕ್ಕ ಸರಿ ಇದೆ ಅಣ್ಣ, ಒಪ್ಪಿದೆ. ಆದರೆ ಹೋದದ್ದನ್ನು ಮಾತ್ರ ಬರೆದಿದ್ದೀರಿ, ಬಂದದ್ದನ್ನು ಬರೆದಿಲ್ಲ.

ಬಂದದ್ದು ಡ್ರೈ ಬ್ಯಾಗ್. ನಮ್ಮ ಕುರ್ಚಿ ಒಂದಕ್ಕೆ 650 ಕೊಟ್ಟು ತಂದದ್ದು, ಡ್ರೈ ಬ್ಯಾಗಿಗೆ 900. ಕುರ್ಚಿಯ ಬಟ್ಟೆ ಹರಿದರೆ ನಮ್ಮ ಹೊಲಿಗೆ ಅಕ್ಕ ಅರ್ಧ ಗಂಟೆಯಲ್ಲಿ ಹೊಲಿದು ಕೊಡುತ್ತಾರೆ. ಡ್ರೈ ಬ್ಯಾಗಿಗೆ ಸೂಜಿ ಹಾಕಿದರೆ ಅದು ಡ್ರೈ ಬ್ಯಾಗೇ ಅಲ್ಲ, ಮಾರ್ಕೆಟ್ಟಿನ ಕೈಚೀಲ. ಅದರೊಳಗೆ ಇಕ್ಕಳ, ಈಳಿಗೆ ತುರುಕಿದವರೂ ಇದ್ದಾರೆ. ಈಳಿಗೆ! ಹಿನ್ನೀರಿನ ದಂಡೆಯಲ್ಲಿ ಯಾವ ಕಾಯಿ ತುರಿಯುವುದಿತ್ತೋ.

ಮೊದಲು ಸ್ಲೀಪಿಂಗ್ ಬ್ಯಾಗನ್ನು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಕೊಡುತ್ತಿದ್ದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಹೋದ ಇಬ್ಬರು ಹುಡುಗರ ದೋಣಿಯೊಳಗೆ ನೀರು ನಿಂತು, ಹಾಸಿಗೆಯೆಲ್ಲ ನೆನೆದು, ರಾತ್ರಿಯಿಡೀ ಬೆಂಕಿ ಮುಂದೆ ಕೂತು ಬೆಳಗು ಮಾಡಿ ಬಂದರು. ನಮ್ಮನ್ನು ಬೈಯಲಿಲ್ಲ, ನಗುತ್ತಲೇ ಹೇಳಿದರು. ಕುರ್ಚಿ ಇಲ್ಲದಿದ್ದರೆ ರಾತ್ರಿ ಕಳೆಯುತ್ತದೆ. ಒಣಗಿದ ಹಾಸಿಗೆ ಇಲ್ಲದಿದ್ದರೆ ಕಳೆಯುವುದಿಲ್ಲ. ಆವತ್ತೇ ಡ್ರೈ ಬ್ಯಾಗ್ ಸೆಟ್ಟಿಗೆ ಸೇರಿಸಬೇಕು ಅಂತ ನಿರ್ಧಾರ ಮಾಡಿದ್ದು. ಅದರ ಬಾಯನ್ನು ಮೂರು ಸುತ್ತು ಮಡಚಿ ಬಕಲ್ ಹಾಕಿ. ಒಂದೇ ಸುತ್ತಿಗೆ ನಿಲ್ಲಿಸಿದರೆ ನೀರು ಒಳಗೆ ಬರುತ್ತದೆ, ಆಮೇಲೆ ಬ್ಯಾಗ್ ಸರಿ ಇಲ್ಲ ಅನ್ನಬೇಡಿ.

ಇನ್ನೊಂದು ಸಂಗತಿ. ಕುರ್ಚಿಯ ಚೀಲಕ್ಕೆ ನಾನೇ ಹಸಿರು ದಾರ ಕಟ್ಟುತ್ತೇನೆ, ಎರಡು ಗಂಟು ಹಾಕಿ. ಕಳೆದ ವರ್ಷ ಕನೂ ಪ್ರವಾಸಕ್ಕೆ ಹೋದ ಒಂಬತ್ತು ತಂಡಗಳ ಕುರ್ಚಿಗಳು ಅದೇ ಗಂಟಿನಲ್ಲಿ ವಾಪಸ್ ಬಂದಿವೆ. ಬಿಚ್ಚಿಯೇ ಇಲ್ಲ. ವಿಚಾರಿಸಿದರೆ, ದೋಣಿಯವರು ದಂಡೆಯಲ್ಲೇ ಇಳಿಸಿದರಂತೆ, ಕುರ್ಚಿಗಳು ಎರಡು ದಿನ ಕಾರಿನ ಡಿಕ್ಕಿಯಲ್ಲಿ ಮಲಗಿದ್ದವಂತೆ. ಅವರಲ್ಲಿ ನಾಲ್ಕು ತಂಡದವರು ಬಳಸದ ಕುರ್ಚಿಯ ಬಾಡಿಗೆ ವಾಪಸ್ ಕೊಡಿ ಅಂತಲೂ ಕೇಳಿದರು. ಅಂದರೆ ಕುರ್ಚಿ ಕೊಟ್ಟರೂ ನಾವೇ ಕೆಟ್ಟವರು, ಕೊಡದಿದ್ದರೂ ನಾವೇ.

ದೋಣಿಯವರು ಮಾಡಿದ್ದು ಸರಿ. ನಾನು ಹಳೆಯ ಸೆಟ್ಟನ್ನು ತಕ್ಕಡಿಗೆ ಹಾಕಿದೆ. ಎರಡು ಕುರ್ಚಿ 7 ಕೆಜಿ, ಮೇಜು 5, ಒಲೆ 4. ಎಲ್ಲಾ ಸೇರಿ 26 ಕೆಜಿ ಬಂತು. ಹೊಸದು 12. ಇದರ ಮೇಲೆ ನಿಮ್ಮ ಬಟ್ಟೆ, ಅಡುಗೆ ಸಾಮಾನು, ಕುಡಿಯುವ ನೀರು. ನೀರು ಲೀಟರಿಗೆ ಒಂದು ಕೆಜಿ, ಅದರಲ್ಲಿ ಚೌಕಾಸಿ ಇಲ್ಲ. ಭಾರ ಹೆಚ್ಚಿದಷ್ಟೂ ದೋಣಿಯ ಅಂಚು ನೀರಿನ ಹತ್ತಿರ ಬರುತ್ತದೆ. ಅಂಚಿಗೂ ನೀರಿಗೂ ಕಡಿಮೆ ಅಂದರೂ ಅರ್ಧ ಅಡಿ ಇರಬೇಕು. ಮಧ್ಯಾಹ್ನ ಗಾಳಿ ಎದ್ದರೆ ಹಿನ್ನೀರು ಬೆಳಗ್ಗೆ ಕಂಡಂತೆ ಇರುವುದಿಲ್ಲ. ಮೇಜನ್ನು ಅಡ್ಡಡ್ಡ ಮೇಲೆ ಹೇರಿದರೆ ಇನ್ನೂ ಅಪಾಯ. ಭಾರದ್ದು ಯಾವಾಗಲೂ ತಳದಲ್ಲಿ, ನಡುಮಧ್ಯೆ.

"ನಾವೇನು ಬೆನ್ನ ಮೇಲೆ ಹೊರುತ್ತೇವಾ, ದೋಣಿ ತಾನೇ ಹೊರುವುದು?" ಅಂತ ಕೇಳುವವರಿದ್ದಾರೆ. ದಂಡೆ ಮುಟ್ಟುವ ತನಕ ಸರಿ. ಬೇಸಿಗೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಕೆಳಗಿಳಿದಾಗ ನೀರಿನ ಅಂಚಿನಿಂದ ಟೆಂಟ್ ಹಾಕುವ ಗಟ್ಟಿ ನೆಲಕ್ಕೆ ಎಷ್ಟು ದೂರ ಕೆಸರು ತುಳಿಯಬೇಕು ಅಂತ ಹೋದವರಿಗೆ ಗೊತ್ತು. ಒಂದೇ ಸಲಕ್ಕೆ ಎಲ್ಲ ಹೊರಲಾಗದೆ ಇನ್ನೊಮ್ಮೆ ಬಂದರೆ, ನಡೆದದ್ದು ಎರಡು ಪಟ್ಟಲ್ಲ, ಮೂರು ಪಟ್ಟು. ಹೋಗಿ, ಬರಿಗೈಲಿ ಬಂದು, ಮತ್ತೆ ಹೋಗಬೇಕಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಇದ್ದು ಬಂದ ನಮ್ಮ ಹಳೆಯ ಗ್ರಾಹಕರೊಬ್ಬರು ಅಲ್ಲಿನ ಬೌಂಡರಿ ವಾಟರ್ಸ್ ಅನ್ನುವ ಕೆರೆಗಳ ಕಾಡಿನ ಬಗ್ಗೆ ಹೇಳುತ್ತಿದ್ದರು. ಅಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ಕನೂವನ್ನೇ ಹೆಗಲ ಮೇಲೆ ಹೊತ್ತು ಕಾಡು ದಾರಿಯಲ್ಲಿ ನಡೆಯುತ್ತಾರೆ. ಆ ದಾರಿಯನ್ನು ರಾಡ್ ಲೆಕ್ಕದಲ್ಲಿ ಅಳೆಯುತ್ತಾರಂತೆ, ಒಂದು ರಾಡ್ ಅಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ಕನೂ ಉದ್ದ. ತಿನ್ನುವ, ಕುಡಿಯುವ ಸಾಮಾನನ್ನು ಗಾಜಿನ ಬಾಟಲಿ, ತಗಡಿನ ಡಬ್ಬಿಯಲ್ಲಿ ಒಳಗೆ ತರುವಂತೆಯೇ ಇಲ್ಲ. ಅಲ್ಲೂ ಕುರ್ಚಿ ತರುವವರಿದ್ದಾರೆ ಅಂತ ಅವರೇ ಹೇಳಿದರು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಒಂದು ಕೆಜಿಯ ಆಸುಪಾಸಿನದು. ಅಂಥದ್ದನ್ನು ನಾನು ಇಲ್ಲಿ ತಂದಿಟ್ಟರೆ ನೀವು 80 ಅಲ್ಲ, 180 ಕೊಡಬೇಕಾಗುತ್ತದೆ.

ಕುರ್ಚಿ ಇಲ್ಲ ಅಂತ ಕೆಲವರು ಮಾಡುವ ಇನ್ನೊಂದು ಕೆಲಸ ಇದೆ, ಅದನ್ನು ದಯವಿಟ್ಟು ನಿಲ್ಲಿಸಿ. ಲೈಫ್ ಜಾಕೆಟ್ ಮೇಲೆ ಕೂರುವುದು. ಕೂತೂ ಕೂತೂ ಅದರೊಳಗಿನ ಫೋಮ್ ಅಪ್ಪಚ್ಚಿ ಆದರೆ ತೇಲಿಸುವ ಶಕ್ತಿಯೇ ಕಡಿಮೆ ಆಗುತ್ತದೆ. ಮುಂದಿನ ವಾರ ಅದನ್ನು ಹಾಕಿಕೊಳ್ಳುವುದು ಬೇರೆಯವರ ಮಗು ಇರಬಹುದು. ಕೂರಲು ಚಾಪೆ ಮಡಿಸಿಕೊಳ್ಳಿ, ಅಕ್ಕಿ ಚೀಲದ ಮೇಲೆ ಬೇಕಾದರೂ ಕೂರಿ.

ಅಡುಗೆ ಸಾಮಾನಿನ ಬಗ್ಗೆ ನಾನು ಮಾತಾಡಬಾರದು ಅಂದುಕೊಂಡಿದ್ದೆ, ಅದು ನಿಮ್ಮ ಇಷ್ಟ. ಆದರೂ ನಾವು ದಾವಣಗೆರೆಯವರು ಅಲ್ವಾ. ಮಂಡಕ್ಕಿ ಒಯ್ಯಿರಿ, ತೂಕವೇ ಇಲ್ಲ. ಆದರೆ ಜಾಗ ತಿನ್ನುತ್ತದೆ, ಒಂದು ಚೀಲ ಇಟ್ಟರೆ ದೋಣಿಯಲ್ಲಿ ಇನ್ನೊಬ್ಬ ಮನುಷ್ಯ ಕೂತ ಹಾಗೆ. ಮಂಡಕ್ಕಿ ಅಂದಮೇಲೆ ಮಿರ್ಚಿ, ಮಿರ್ಚಿ ಅಂದಮೇಲೆ ಬಾಣಲೆ, ಎರಡು ಲೀಟರ್ ಎಣ್ಣೆ, ಅದಕ್ಕೆ 5 ಕೆಜಿಯ ಸಿಲಿಂಡರ್, ಅದರ ಉಕ್ಕಿನ ತೂಕ ಬೇರೆ. ಮಿರ್ಚಿಯನ್ನು ಊರಲ್ಲೇ ತಿಂದು ಹೊರಡಿ. ಬೆಣ್ಣೆ ದೋಸೆಗೆ ಅಂತ ಕಬ್ಬಿಣದ ಹಂಚು ಒಯ್ದವರ ಕಥೆ ಅಂಗಡಿಗೆ ಬಂದಾಗ ಹೇಳುತ್ತೇನೆ. ಹಂಚು ಈಗಲೂ ಶರಾವತಿಯಲ್ಲೇ ಇದೆ.

ಡಿಪಾಸಿಟ್ ಜಾಸ್ತಿ ಮಾಡಿದ್ದಕ್ಕೆ ಕಾರಣ ಟೆಂಟು. ದಸರಾ ರಜೆಯಲ್ಲಿ ಹನ್ನೊಂದು ಟೆಂಟ್ ಒದ್ದೆಯಲ್ಲೇ ಮಡಿಸಿ ವಾಪಸ್ ಬಂದವು. ಚೀಲ ಬಿಚ್ಚಿದರೆ ಹಳಸಿದ ಹಿಟ್ಟಿನ ವಾಸನೆ. ಒದ್ದೆ ಟೆಂಟ್ ಮಡಿಸಿಟ್ಟರೆ ಬೂಸಲು ಹಿಡಿಯುವುದು ಒಂದು ಕಡೆ, ಒಳಮೈಗೆ ಬಳಿದ ನೀರು ತಡೆಯುವ ಪದರ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಅದು ಹೋದರೆ ಟೆಂಟ್ ಹೋಯ್ತು. ಸೋಪಿನ ಪುಡಿ ಹಾಕುವಂತಿಲ್ಲ, ಮಶೀನಿಗೆ ಹಾಕುವಂತಿಲ್ಲ, ಕೈಯಲ್ಲೇ ಒರೆಸಬೇಕು. "ನಮ್ಮೂರ ಬಿಸಿಲಿಗೆ ಅರ್ಧ ಗಂಟೆ ಸಾಕಲ್ರೀ" ಅನ್ನುತ್ತೀರಿ. ಆ ಬಿಸಿಲೇ ನೈಲಾನ್ ಬಟ್ಟೆಯನ್ನು ತಿನ್ನುವುದು. ನೆರಳಲ್ಲಿ, ಗಾಳಿಗೆ ಒಣಗಬೇಕು. ನಮ್ಮ ಮನೆಯ ಜಗಲಿ, ಮೆಟ್ಟಿಲು, ಕೊನೆಗೆ ದೇವರ ಕೋಣೆ ಬಾಗಿಲಿಗೂ ಟೆಂಟ್ ನೇತುಹಾಕಿ ದೀಪಾವಳಿ ಮಾಡಿದ್ದೇವೆ. ನಮ್ಮ ಅತ್ತೆಯವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಆದರೂ ಒದ್ದೆ ಟೆಂಟಿಗೆ ದಂಡ ಹಾಕುವುದಿಲ್ಲ. ಮಳೆ ನಿಮ್ಮ ಕೈಯಲ್ಲಿಲ್ಲ. ವಾಪಸ್ ಕೊಡುವಾಗ "ಒದ್ದೆ ಇದೆ" ಅಂತ ಒಂದು ಮಾತು ಹೇಳಿ, ಮಡಿಸದೆ ಹಾಗೇ ಮುದ್ದೆ ಮಾಡಿ ತಂದುಕೊಡಿ. ಹಾಗೆ ಮಾಡಿದವರಿಗೆ ಪೂರ್ತಿ 3,000 ಅಲ್ಲೇ ಕೈಗೆ. ಹೇಳದೆ ಚೆಂದವಾಗಿ ಮಡಿಸಿ ಒಳಗಿಟ್ಟು ಹೋದರೆ ಮಾತ್ರ ಡಿಪಾಸಿಟ್ ಹಿಡಿದುಕೊಳ್ಳುತ್ತೇನೆ.

ಅಂಗಡಿ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿದ್ದ ಕಾಲದಿಂದ ಬರುತ್ತಿರುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬಾಗಿಲ ಪಕ್ಕದಲ್ಲಿ ತಕ್ಕಡಿ ಇಟ್ಟಿದ್ದೇನೆ. ನಿಮ್ಮ ಚೀಲವನ್ನೂ ತಂದು ತೂಗಿ ನೋಡಿ, ಬಾಡಿಗೆಗೆ ತೆಗೆದುಕೊಳ್ಳದಿದ್ದರೂ ಪರವಾಗಿಲ್ಲ. ಹಳೆಯ ಕುರ್ಚಿ ಹದಿನಾಲ್ಕು ಮಾರಾಟಕ್ಕಿವೆ, ಒಂದಕ್ಕೆ 300. ಮಹಡಿ ಮೇಲೆ ಹಾಕಿಕೊಂಡು ಕೂರಲು ಚೆನ್ನಾಗಿವೆ.

ಇಂತಿ,
ನಿಮ್ಮ ಟೆಂಟ್ ಅಂಗಡಿ ಅಕ್ಕ

ಮರೆತಿದ್ದೆ: ಕಳೆದ ವಾರ ವಾಪಸ್ ಬಂದ ನೀಲಿ ಟೆಂಟಿನ ಚೀಲದಲ್ಲಿ ಒಂದು ಸ್ಟೀಲ್ ಸೌಟು, ಒಂದು ಮಗುವಿನ ಸಾಕ್ಸ್ ಸಿಕ್ಕಿವೆ. ಸೌಟಿನ ಹಿಡಿಯ ಮೇಲೆ ಹೆಸರು ಕೆತ್ತಿಸಿದ್ದಾರೆ, ಮದುವೆ ಉಡುಗೊರೆ ಇರಬೇಕು. ಹೆಸರು ಹೇಳಿ ತೆಗೆದುಕೊಂಡು ಹೋಗಿ.