ಹಾರ್ಡ್ ಕ್ರೋಮ್‌ಗೆ ಕೊಟ್ಟ ಫೋರ್ಕ್ ಪೈಪ್‌ಗಳು ಹಾಳಾಗಿ ಬಂದಿರುವ ಬಗ್ಗೆ ದೂರು

ಇವರಿಗೆ,
ಮಾಲೀಕರು,
ಹಾರ್ಡ್ ಕ್ರೋಮ್ ಮತ್ತು ಗ್ರೈಂಡಿಂಗ್ ವರ್ಕ್‌ಶಾಪ್,
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ಕಳೆದ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ ಊರಿಗೆ ಬಂದಾಗ, ನನ್ನ 1974ರ ಬುಲ್ಟಾಕೊ ಶೆರ್ಪಾ ಟಿ ಬೈಕಿನ ಎರಡು ಫೋರ್ಕ್ ಪೈಪ್‌ಗಳನ್ನು, ಅಂದರೆ ಮುಂದಿನ ಚಕ್ರದ ಸಸ್ಪೆನ್ಷನ್‌ನ ಉಕ್ಕಿನ ಪೈಪ್‌ಗಳನ್ನು, ನಿಮ್ಮಲ್ಲಿ ಕೊಟ್ಟಿದ್ದೆ. ಹೇಳಿದ್ದ ಕೆಲಸ ಇಷ್ಟು. ಒಂದು ಪೈಪ್ ಬೆಂಡ್ ಆಗಿದೆ, ಅದನ್ನು ನೇರ ಮಾಡಬೇಕು. ಎರಡರಲ್ಲೂ ತುಕ್ಕು ತಿಂದ ಗುಳಿಗಳಿವೆ, ಅವು ಪೂರ್ತಿ ಹೋಗುವವರೆಗೆ ಗ್ರೈಂಡ್ ಮಾಡಬೇಕು. ಆಮೇಲೆ ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮ್ ಲೇಪ) ಹಾಕಿ, ಮತ್ತೆ ಗ್ರೈಂಡ್ ಮಾಡಿ 35 ಮಿ.ಮೀ. ಸೈಜಿಗೆ ತರಬೇಕು. ಜಾಬ್ ಕಾರ್ಡಿನಲ್ಲಿ ಇದನ್ನೆಲ್ಲ ಬರೆದುಕೊಂಡವರು ನಿಮ್ಮ ಸೂಪರ್‌ವೈಸರೇ. ಹಣ ಪೂರ್ತಿ ಮುಂಗಡವಾಗಿ ಕೊಟ್ಟಿದ್ದೆ. ನನ್ನ ತಮ್ಮ ಪೈಪ್‌ಗಳನ್ನು ನಿಮ್ಮಿಂದ ತಗೊಂಡು ಯಾರ್ಕ್‌ಶೈರ್‌ನಲ್ಲಿರುವ ನಮ್ಮ ಮನೆಗೆ ಕೊರಿಯರ್ ಮಾಡಿದ.

ಪೈಪ್‌ಗಳು ಚೆನ್ನಾಗಿ ಹೊಳೆಯುತ್ತಿದ್ದವು. ಆದರೆ ಹೇಳಿದ ಕೆಲಸ ಒಂದೂ ಸರಿಯಾಗಿ ಆಗಿರಲಿಲ್ಲ.

ಮೊದಲು ಗುಳಿಗಳ ವಿಷಯ. ಆಯಿಲ್ ಸೀಲ್ ಮೇಲೆ ಕೆಳಗೆ ಆಡುವ ಜಾಗದಲ್ಲೇ ಸಾಸಿವೆ ಕಾಳಿನಷ್ಟು ದೊಡ್ಡ ಗುಳಿಗಳು ಹಾಗೇ ಉಳಿದಿವೆ. ಬೆಳಕಿಗೆ ಹಿಡಿದರೆ ಕಾಣುತ್ತವೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಕ್ರೋಮ್ ಗುಳಿಯನ್ನು ತುಂಬುವುದಿಲ್ಲ ಅನ್ನೋದು ನಿಮಗೆ ನಾನು ಹೇಳಿಕೊಡಬೇಕಾದ ಮಾತಲ್ಲ. ಗುಳಿ ಹೋಗುವವರೆಗೆ ಉಕ್ಕನ್ನು ಗ್ರೈಂಡ್ ಮಾಡಿದ ಮೇಲೇ ಪ್ಲೇಟಿಂಗ್. ನೀವು ಮೇಲೆ ಮೇಲೆ ಉಜ್ಜಿ, ತೆಳುವಾಗಿ ಕ್ರೋಮ್ ಹಾಕಿ, ಬಫ್ ಹೊಡೆದು ಕೊಟ್ಟಿದ್ದೀರಿ. ಹೊಸ ಸೀಲ್ ಹಾಕಿ ಜೋಡಿಸಿದ ಸಂಜೆಯೇ ಎರಡೂ ಕಡೆ ಎಣ್ಣೆ ಇಳಿಯಲು ಶುರುವಾಯಿತು. ಬಿಚ್ಚಿ ನೋಡಿದರೆ ಒಂದು ಸೀಲಿನ ತುಟಿ ಆಗಲೇ ಹರಿದಿತ್ತು.

ಇನ್ನು ಸೈಜು. ಮೈಕ್ರೋಮೀಟರ್ ಹಾಕಿ ಅಳೆದೆ. ಪೈಪಿನ ನಡುವೆ 34.82 ಮಿ.ಮೀ., ಕೆಳತುದಿಯಲ್ಲಿ 35.11 ಮಿ.ಮೀ. ಪ್ಲೇಟಿಂಗ್ ತೊಟ್ಟಿಯಲ್ಲಿ ಕರೆಂಟ್ ತುದಿಗಳಿಗೆ ಜಾಸ್ತಿ ಹರಿಯುತ್ತದೆ, ಅಲ್ಲಿ ಕ್ರೋಮ್ ದಪ್ಪ ಕೂರುತ್ತದೆ. ಅದನ್ನು ಸರಿ ಮಾಡಲೆಂದೇ ಕೊನೆಯ ಗ್ರೈಂಡಿಂಗ್ ಇರೋದು, ಅಲ್ವಾ? ಆ ಕೆಲಸ ಆಗಿಯೇ ಇಲ್ಲ. ಹಾಗಾಗಿ ನಡುವೆ ಸೀಲ್ ಸಡಿಲ. ಕೆಳಗೆ ಪೈಪು ಫೋರ್ಕಿನ ಅಲ್ಯೂಮಿನಿಯಂ ಕಾಲಿನೊಳಗೆ (ಪೈಪು ಜಾರುವ ಕೆಳಗಿನ ಕೊಳವೆ) ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಬ್ರೇಕ್ ಹಿಡಿದು ಹ್ಯಾಂಡಲ್ ಒತ್ತಿದರೆ ಫೋರ್ಕ್ ಮೊದಲು ಅಲುಗುವುದೇ ಇಲ್ಲ, ಆಮೇಲೆ ಒಮ್ಮೆಲೇ ಧಡ್ ಅಂತ ಕುಸಿಯುತ್ತದೆ.

ಬೆಂಡ್ ಕೂಡ ಪೂರ್ತಿ ಹೋಗಿಲ್ಲ. ದಪ್ಪ ಗಾಜಿನ ಹಲಗೆ ಮೇಲೆ ಉರುಳಿಸಿದರೆ ಆ ಪೈಪಿನ ಕೆಳಗೆ ಬೆಳಕಿನ ಸಂದು ತೆರೆದು ಮುಚ್ಚುತ್ತದೆ. ಎರಡು ವಿ ಬ್ಲಾಕ್ ಮೇಲಿಟ್ಟು ತಿರುಗಿಸಿದರೆ ಡಯಲ್ ಗೇಜಿನ ಮುಳ್ಳು 0.9 ಮಿ.ಮೀ. ಓಡಾಡುತ್ತದೆ. ಫೋಟೋ, ವಿಡಿಯೋ ಎರಡನ್ನೂ ಕಳಿಸಿದ್ದೇನೆ.

ಫೋನ್ ಮಾಡಿದಾಗ ನಿಮ್ಮ ಕಡೆಯವರು ಹೇಳಿದ್ದು: "ಹಳೇ ಗಾಡಿ ಸಾರ್, ನಿಧಾನಕ್ಕೆ ಓಡಿಸೋದು ತಾನೇ, ಅಷ್ಟೆಲ್ಲ ಫೈನ್ ಆಗಿ ಬೇಕಾಗಲ್ಲ." ಈ ಮಾತು ನನಗೆ ಬಹಳ ಬೇಸರ ತಂದಿತು. ಟ್ರಯಲ್ಸ್ ಬೈಕು ನಿಧಾನಕ್ಕೆ ಓಡುವುದರಿಂದಲೇ ಅದಕ್ಕೆ ಫೋರ್ಕ್ ಇಷ್ಟು ಮುಖ್ಯ. ಇದು ರೇಸ್ ಅಲ್ಲ. ಹಳ್ಳದ ಕಲ್ಲು, ಒದ್ದೆ ಬೇರು, ಕಡಿದಾದ ದಿಬ್ಬ, ಇವುಗಳ ಮೇಲೆ ನಡಿಗೆಯ ವೇಗದಲ್ಲಿ, ಬೈಕಿನ ಮೇಲೆ ನಿಂತುಕೊಂಡೇ, ಕಾಲು ನೆಲಕ್ಕೆ ತಾಗಿಸದೆ ಹೋಗಬೇಕು. ಒಮ್ಮೆ ಕಾಲೂರಿದರೆ 1 ಅಂಕ ದಂಡ, ಆ ಭಾಗವನ್ನು ದಾಟಲು ಆಗದೇ ಹೋದರೆ 5. ಮುಂದಿನ ಚಕ್ರ ಕಲ್ಲಿಗೆ ತಾಗಿದ ಕೂಡಲೇ ಫೋರ್ಕ್ ಮೆತ್ತಗೆ ಒಳಗೆ ಹೋಗಬೇಕು. ಸಿಕ್ಕಿಕೊಂಡರೆ ಚಕ್ರ ಪಕ್ಕಕ್ಕೆ ಜಾರುತ್ತದೆ, ಸವಾರ ಹಳ್ಳದಲ್ಲಿ.

ಅದೂ ಎಂಥ ಬೈಕು! ಬಾರ್ಸಿಲೋನಾದ ಬುಲ್ಟಾಕೊ ಕಂಪನಿಗಾಗಿ 1964ರಲ್ಲಿ ಹೆಸರಾಂತ ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ ಕೂತು ತಿದ್ದಿ ತೀಡಿದ ಮಾಡೆಲ್. ಮರುವರ್ಷವೇ ಅವರು ಅದರಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಸ್ಪರ್ಧೆ ಗೆದ್ದರು. ಭಾರದ ಬ್ರಿಟಿಷ್ ಫೋರ್ ಸ್ಟ್ರೋಕ್ ಬೈಕ್‌ಗಳ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು. ಆ ಹಳೇ ಫ್ಯಾಕ್ಟರಿ ಈಗಿಲ್ಲ. ಅದಕ್ಕೇ ಮೂಲ ಪೈಪ್‌ಗಳನ್ನೇ ಉಳಿಸಿಕೊಳ್ಳಬೇಕು ಅನ್ನೋ ಆಸೆ ನನಗೆ. ಸೈಜಿಗೆ ಸರಿಹೋಗುವ ಹೊಸ ಪೈಪ್‌ಗಳು ಇಂಗ್ಲೆಂಡಿನಲ್ಲೂ ಸ್ಪೇನಿನಲ್ಲೂ ಸಿಗುತ್ತವೆ. "ಈ ಗುಳಿ ಆಳ ಇದೆ, ನಮ್ಮ ಕೈಲಿ ಆಗಲ್ಲ" ಅಂತ ನೀವು ಅವತ್ತೇ ಹೇಳಿದ್ದರೆ ನಾನು ಸುಮ್ನೆ ವಾಪಸ್ ತಗೊಂಡು ಹೋಗುತ್ತಿದ್ದೆ. ನಿಮ್ಮ ಮೇಲೆ ಗೌರವವೂ ಉಳಿಯುತ್ತಿತ್ತು. ಗುಳಿ ಇದ್ದೂ ಹೊಳಪಿನಲ್ಲಿ ಮುಚ್ಚಿ ಕೊಟ್ಟಿರಲ್ಲ, ನನ್ನ ದೂರು ಇರುವುದೇ ಅದರ ಮೇಲೆ. ಜೆಸಿಬಿಯ ಸಿಲಿಂಡರ್ ರಾಡ್‌ಗೆ ನೀವು ದಿನಾ ಮಾಡುವ ಕೆಲಸವೇ ಇದು. ನಿಮ್ಮ ಶಾಪಿನಲ್ಲಿ ಅಂಥ ರಾಡ್‌ಗಳು ಸಾಲಾಗಿ ನಿಂತಿದ್ದನ್ನು ನೋಡಿಯೇ ನಂಬಿ ಕೊಟ್ಟೆ.

ಇನ್ನೊಂದು ವಿಷಯಕ್ಕೆ ನೀವು ಬರಹದಲ್ಲೇ ಉತ್ತರ ಕೊಡಬೇಕು. ಪ್ಲೇಟಿಂಗ್ ಆಗುವಾಗ ಉಕ್ಕಿನೊಳಗೆ ಹೈಡ್ರೋಜನ್ ಸೇರುತ್ತದೆ. ತೊಟ್ಟಿಯಿಂದ ತೆಗೆದ ಕೆಲವೇ ಗಂಟೆಗಳಲ್ಲಿ ಓವನ್‌ನಲ್ಲಿ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಅದನ್ನು ಹೊರಹಾಕಬೇಕು. ಇಲ್ಲದಿದ್ದರೆ ಗಟ್ಟಿ ಉಕ್ಕು ಬಿರುಕು ಬಿಡುವ ಅಪಾಯ ಇದೆ. ಅದರಲ್ಲೂ ಒಂದು ಪೈಪು ಪ್ರೆಸ್ಸಿನಲ್ಲಿ ಒತ್ತಿಸಿಕೊಂಡದ್ದು. ನನ್ನ ಪೈಪ್‌ಗಳನ್ನು ಓವನ್‌ನಲ್ಲಿ ಇಟ್ಟಿದ್ದಿರಾ? ಫೋನಿನಲ್ಲಿ ಕೇಳಿದಾಗ ಯಾರೂ ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಇದು ಸವಾರನ ಪ್ರಾಣದ ಪ್ರಶ್ನೆ. ಉತ್ತರ ಬರುವವರೆಗೆ ಈ ಪೈಪ್‌ಗಳನ್ನು ಮತ್ತೆ ಬೈಕಿಗೆ ಹಾಕುವುದಿಲ್ಲ.

ಇನ್ನೊಮ್ಮೆ ಮಾಡಿಕೊಡುತ್ತೇವೆ ಅಂತ ನಿಮ್ಮ ಸೂಪರ್‌ವೈಸರ್ ಆಮೇಲೆ ಹೇಳಿದರು. ಆ ಮಾತಿಗೆ ಥ್ಯಾಂಕ್ಸ್. ಆದರೆ ಹಾಕಿದ ಕ್ರೋಮ್ ಸ್ಟ್ರಿಪ್ ಮಾಡಿ ತೆಗೆದು, ಮತ್ತೆ ಗ್ರೈಂಡ್ ಮಾಡಿದರೆ ಪೈಪಿನ ಗೋಡೆ ಇನ್ನೂ ತೆಳುವಾಗುತ್ತದೆ. ನನಗೆ ಧೈರ್ಯವಿಲ್ಲ. ಹಾಗಾಗಿ ಬಿಲ್ಲಿನ ಪೂರ್ತಿ ಹಣ, ಕೊರಿಯರ್ ಖರ್ಚು, ಹಾಳಾದ ಸೀಲ್‌ಗಳ ಬೆಲೆ, ಒಂದು ಜೊತೆ ಹೊಸ ಪೈಪಿನ ಬೆಲೆ, ಇಷ್ಟನ್ನು ಈ ಪತ್ರ ತಲುಪಿದ 15 ದಿನದೊಳಗೆ ನನ್ನ ತಮ್ಮನ ಖಾತೆಗೆ ಹಾಕಬೇಕು ಎಂದು ಕೇಳುತ್ತಿದ್ದೇನೆ. ಪೈಪ್‌ಗಳನ್ನು ನೀವೇ ಪರೀಕ್ಷೆ ಮಾಡಬೇಕು ಅಂದರೆ ನಿಮ್ಮ ಖರ್ಚಿನಲ್ಲಿ ಕಳಿಸಿಕೊಡಲು ಸಿದ್ಧ. ನನ್ನ ಅಳತೆ ತಪ್ಪು ಅನ್ನಿಸಿದರೆ ಬೆಂಗಳೂರಿನ ಯಾವುದೇ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಅಳೆಸಿ, ಆ ರಿಪೋರ್ಟ್ ಒಪ್ಪುತ್ತೇನೆ.

ಆ ಅವಧಿಯಲ್ಲಿ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಸೇವೆಯಲ್ಲಿ ಲೋಪ ಎಂದು ಬೆಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಅಲ್ಲಿ ನನ್ನ ಪರವಾಗಿ ತಮ್ಮ ಓಡಾಡುತ್ತಾನೆ.

ಜಾಬ್ ಕಾರ್ಡ್ ಮತ್ತು ಬಿಲ್ಲಿನ ಪ್ರತಿ, ಅಳತೆಯ ಪಟ್ಟಿ, ಹರಿದ ಸೀಲಿನ ಫೋಟೋ ಜೊತೆಗಿವೆ.

ಇಂತಿ,
ನಿಮ್ಮ ಗಿರಾಕಿ