ಯಶವಂತಪುರ ಸ್ಟೇಷನ್ ಹತ್ರ ಹೂ ಮಾರ್ತಿದ್ದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರೂ ಗೊತ್ತಿಲ್ಲ ನಂಗೆ. 2011ರಲ್ಲಿ, 15 ವರ್ಷಕ್ಕೇ ಮದುವೆ ಫಿಕ್ಸ್ ಮಾಡಿದ್ರು ಅಂತ ಮನೆ ಬಿಟ್ಟು, ಸಿಕ್ಕ ಸಿಕ್ಕ ರೈಲು ಹತ್ತಿ ಇಳಿದು ಕೊಳಕು ಯೂನಿಫಾರ್ಮಲ್ಲೇ ಪ್ಲಾಟ್‌ಫಾರ್ಮಲ್ಲಿ ಮಲಗ್ತಿದ್ದೆ, ಆಗ 'ಮುಂಬೈಲಿ ಮನೆಗೆಲಸ ಕೊಡಿಸ್ತೀನಿ ಬಾ' ಅಂತ ಗಂಟುಬಿದ್ದವನಿಗೆ ನೀವು ಬುಟ್ಟಿ ಕೆಳಗಿಟ್ಟು ಜನ್ಮ ಜಾಲಾಡಿದ್ರಲ್ಲ (ಆ ಬೈಗುಳ ಇಲ್ಲಿ ಟೈಪ್ ಮಾಡೋ ಹಾಗಿಲ್ಲ ಬಿಡಿ), ಅವನು ಚಪ್ಪಲಿ ಬಿಟ್ಟು ಓಡಿದ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹಚ್ಚಿ, ಅವರು ಬರೋವರೆಗೂ ಕನಕಾಂಬರ ಕೈಗಿಟ್ಟು 'ಅಳಬೇಡ, ಕಟ್ಟು' ಅಂದ್ರಿ. ಮಕ್ಕಳ ಕಲ್ಯಾಣ ಸಮಿತಿಯವರು ನನ್ನ ಮಾತು ಕೇಳಿದ್ರು, ಮದುವೆ ನಿಲ್ತು, ಬಾಲಮಂದಿರದಿಂದಲೇ ಎಸ್ಸೆಸ್ಸೆಲ್ಸಿ ಬರೆದೆ. ಈಗ ನರ್ಸು. ಆ ಕಡೆ ಓಡಾಡೋರು ಯಾರಾದ್ರೂ ಅವರನ್ನ ಬಲ್ಲವರಿದ್ರೆ ದಯವಿಟ್ಟು ಇದನ್ನ ಓದಿ ಹೇಳಿ. ತುಂಬಾ ಥ್ಯಾಂಕ್ಸ್ ಅಕ್ಕಾ.