ಟ್ರೇಲರ್ ಎಳೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಯೆಲ್ಲೋಸ್ಟೋನ್‌ಗೆ ಫಿಫ್ತ್ ವೀಲ್ ಟ್ರೇಲರ್ (ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೆ ಕೊಂಡಿ ಹಾಕುವಂಥದ್ದು) ಎಳೆದುಕೊಂಡು ಹೊರಡುವವರು ಇದನ್ನು ಓದಿಬಿಡಿ. ಟ್ರೇಲರ್ ತೂಕದಲ್ಲಿ ಸುಮಾರು 15ರಿಂದ 25 ಪರ್ಸೆಂಟ್ ಟ್ರಕ್ಕಿನ ಬೆನ್ನ ಮೇಲೇ ಕೂರುತ್ತದೆ. 12,000 ಪೌಂಡ್ ಟ್ರೇಲರ್ ಆದರೆ, 20 ಪರ್ಸೆಂಟ್ ಲೆಕ್ಕಕ್ಕೆ 2,400 ಪೌಂಡ್! ಹಿಂಭಾಗ ಒಂದೆರಡು ಇಂಚು ಕುಗ್ಗಿದರೆ ಗಾಬರಿ ಬೇಡ, ಸ್ಪ್ರಿಂಗ್ ಇರುವುದೇ ಅದಕ್ಕೆ ಅಲ್ವಾ. ಮೂತಿ ಮೇಲೆದ್ದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿದ್ದರೆ ಜಾಸ್ತಿಯಾಯಿತು ಅಂತ.

ಹಿಂದಿನ ಆಕ್ಸಲ್‌ಗೆ ಏರ್‌ಬ್ಯಾಗ್ (ಸ್ಪ್ರಿಂಗ್‌ಗೆ ಆಸರೆಯಾಗುವ ಗಾಳಿ ಚೀಲ) ಹಾಕಿಸಿದ್ದೇನೆ ಅಂತ ಸುಮ್ನೆ ಕೂರಬೇಡಿ. ಅದು ಟ್ರಕ್ಕನ್ನು ಮಟ್ಟ ಮಾಡುತ್ತದೆ ಅಷ್ಟೇ, ಹೊರುವ ತಾಕತ್ತು ಹೆಚ್ಚಿಸುವುದಿಲ್ಲ. ಮೊದಲ ಸಲ ನಾನೂ ಹಾಗೇ ಏಮಾರಿದೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಪೇಲೋಡ್, ಅಂದರೆ ಟ್ರಕ್ ಹೊರಬಹುದಾದ ಭಾರ, ಬರೆದಿರುತ್ತದೆ. ಟ್ರಕ್ಕಿನ ಮೇಲೆ ಕೂರುವ ಟ್ರೇಲರ್ ಭಾರ, ಹಿಚ್ (ಕೊಂಡಿ), ಮನೆಯವರು, ಅಕ್ಕಿ ಮೂಟೆ ಎಲ್ಲ ಅದರೊಳಗೇ ಬರಬೇಕು. ನೀರು, ಸಾಮಾನು ತುಂಬಿಸಿ ಟ್ರಕ್ ಸ್ಟಾಪ್‌ನಲ್ಲಿ ತೂಕ ಹಾಕಿಸಿ. ಚೀಟಿಯ ಫೋಟೋ ಶುಕ್ರವಾರದೊಳಗೆ ಇಲ್ಲಿ ಹಾಕಿ.